ಕಾಳು ಎತ್ತಿಗೆ, ಕಟ್ಟು ಹೆಂಗಸರಿಗೆ

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಎಂದು ತವರಿನಲ್ಲಿ ಆಡಿಕೊಳ್ಳುತ್ತಿದ್ದರು. ಗಂಡನ ಮನೆಯಲ್ಲಿ ಆಡಿಕೊಳ್ಳಲಿಲ್ಲ, ಮುಖಕ್ಕೇ ಬೈದರು. ಇರಲಿ, ಬೈಸಿಕೊಂಡು ಸಣ್ಣವಳಾಗಲಿಲ್ಲ. ಈಗ ಬರೆಯುತ್ತಿರುವುದೂ ಸಿಟ್ಟಿನಿಂದಲೇ. ಇಷ್ಟು ವರ್ಷವಾದರೂ ಆರದೇ ಉಳಿದಿರುವ ಸಿಟ್ಟು ಇದೊಂದೇ, ಮತ್ತು ಇದರ ಅರ್ಧ ಪಾಲು ನನ್ನ ಮೇಲೇ ಇದೆ.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಕೊಟ್ಟೂರಿನಿಂದ ಮದುವೆಯಾಗಿ ಚಿಗಟೇರಿ ಕಡೆಯ ಒಂದು ಹಳ್ಳಿಗೆ ಬಂದೆ. ನಮ್ಮಪ್ಪ ದರ್ಜಿ. ನನ್ನ ಜೊತೆ ಒಂದು ಹೊಲಿಗೆ ಮಷೀನು ಕಳಿಸಿದ್ದರು. ಗಂಡನ ಮನೆಯಲ್ಲಿ ಅತ್ತೆ, ಭಾವ, ಭಾವನ ಹೆಂಡತಿ, ಅವರ ಎರಡು ಮಕ್ಕಳು, ನನ್ನ ಗಂಡ ಮತ್ತು ಎರಡು ಎತ್ತು. ಎತ್ತುಗಳನ್ನು ಮನೆಯ ಜನರ ಸಾಲಿಗೆ ಸೇರಿಸಿದ್ದು ತಮಾಷೆಗಲ್ಲ. ಊಟದ ವಿಷಯದಲ್ಲಿ ಆ ಸಾಲಿನಲ್ಲಿ ಅವು ನಮಗಿಂತ ಮುಂದೆ ಇದ್ದವು. ಭಾವನ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ನನಗಿಂತ ಐದಾರು ವರ್ಷ ದೊಡ್ಡವಳು. ಹಡಗಲಿ ಕಡೆಯ ಹೆಣ್ಣು, ಹೊಳೆ ದಂಡೆಯ ಊರಿನವಳು. ನಾನು ಹೋದ ಹೊಸತರಲ್ಲಿ ನನ್ನ ತಲೆ ಬಾಚಿ ಹೆರಳು ಹಾಕುತ್ತಿದ್ದವಳು ಅವಳೊಬ್ಬಳೇ.

ಆ ಮನೆಯಲ್ಲಿ ದಿನಾ ಸಂಜೆ ಹುರುಳಿ ಬೇಯುತ್ತಿತ್ತು. ಭಾವ ಚೀಲದ ಬಾಯಿ ಬಿಚ್ಚಿ ತಾವೇ ಅಳೆದು ಕೊಡುತ್ತಿದ್ದರು. ದೊಡ್ಡ ಪಾತ್ರೆ, ಬೇಕಾದಷ್ಟು ನೀರು, ಕಾಳು ಬಾಯಿ ಬಿಡುವ ತನಕ ಉರಿ. ಆಮೇಲೆ ಪಾತ್ರೆಯ ಬಾಯಿಗೆ ತಟ್ಟೆ ಹಿಡಿದು ಬಸಿಯಬೇಕು. ಇಳಿದು ಬರುವ ಕೆಂಪು ನೀರೇ ಕಟ್ಟು. ಕಾಳು ಬಕೀಟಿಗೆ ಬೀಳುತ್ತಿತ್ತು, ಭಾವ ಅದಕ್ಕೆ ಹೊಟ್ಟು ಕಲೆಸಿ ಎತ್ತುಗಳ ಮುಂದೆ ಇಡುತ್ತಿದ್ದರು. ಕಟ್ಟು ಒಲೆಯ ಮೇಲೆ ಹೋಗಿ ಹುಣಸೆಹುಳಿ, ಬೆಳ್ಳುಳ್ಳಿ, ಖಾರ ಬಿದ್ದು ಸಾರಾಗುತ್ತಿತ್ತು. ರುಚಿಗೆ ಕೊರತೆ ಹೇಳುವ ಹಾಗಿಲ್ಲ. ಒಗ್ಗರಣೆ ಬಿದ್ದರೆ ಹಿಂದಿನ ಓಣಿಯವರಿಗೂ ಬಾಯಲ್ಲಿ ನೀರು ಬರುತ್ತಿತ್ತು.

ಗಂಡಸರ ಪಾಲಿಗೆ ಒಂದು ಹಿಡಿ ಕಾಳು ಅರೆದು ಹಾಕುತ್ತಿದ್ದೆವು. ಅದು ತಳದಲ್ಲಿ ಕೂರುತ್ತಿತ್ತು. ಸೌಟು ತಳ ಮುಟ್ಟಿ ಗಂಡಸರ ತಟ್ಟೆಗೆ, ಆಮೇಲೆ ಮಕ್ಕಳ ತಟ್ಟೆಗೆ. ಕೊನೆಗೆ ಅತ್ತೆ, ಅಕ್ಕ, ನಾನು ಕೂತಾಗ ಉಳಿದಿರುತ್ತಿದ್ದುದು ಒಣಮೆಣಸಿನಕಾಯಿ ತೇಲುವ ತಿಳಿ. ರೊಟ್ಟಿ ಮುರಿದು ಅದರಲ್ಲಿ ನೆನೆಸಿ ತಿನ್ನುತ್ತಿದ್ದೆವು. ಎಮ್ಮೆಯ ಹಾಲು ಚಹಾದಂಗಡಿಗೆ ಹೋಗುತ್ತಿತ್ತು. ಉಳಿದದ್ದರ ಮಜ್ಜಿಗೆ ಗಂಡಸರಿಗೆ. ಶೇಂಗಾ ಮಾರಾಟಕ್ಕೆ. ತೊಗರಿಬೇಳೆ ಹಬ್ಬಕ್ಕೆ. ಯಾರೂ ನಮ್ಮ ಕೈ ಹಿಡಿದು ತಿನ್ನಬೇಡಿ ಎಂದಿರಲಿಲ್ಲ. ಹಾಗೆ ಹೇಳಿದ್ದರೆ ಎದುರು ಮಾತಾದರೂ ಆಡಬಹುದಿತ್ತು.

ಮೊದಲ ತಿಂಗಳಲ್ಲೇ ನಾನು ಕೇಳಿದ್ದೆ, ನಮ್ಮ ಕೊಟ್ಟೂರ ಮನೆಯಲ್ಲಿ ಕಾಳನ್ನೂ ತಿನ್ನುತ್ತೇವಲ್ಲ ಎಂದು. ಅತ್ತೆ ನಕ್ಕರು.

"ಕಾಳಿನ ಸತ್ವ ಎಲ್ಲಾ ಕಟ್ಟಿಗೆ ಇಳದಿರತೈತವ್ವ. ಕಾಳಾಗ ಏನೈತಿ, ಬರೇ ಸಿಪ್ಪಿ. ಅದಕ್ಕ ದನಕ್ಕ ಹಾಕ್ತೀವಿ. ನಿಮ್ಮ ಮನ್ಯಾಗ ಎತ್ತಿಲ್ಲ, ನಿನಗೇನು ಗೊತ್ತೈತಿ."

ಅತ್ತೆ ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿಯೂ ಹಾಗೆಂದೇ ನಂಬಿದ್ದರು. ಅವರ ಅತ್ತೆ ಅವರಿಗೆ ಹೇಳಿದ್ದು, ಅವರು ಅಕ್ಕನಿಗೆ ಹೇಳಿದ್ದು, ಈಗ ನನ್ನ ಸರದಿ. ಆದರೆ ಬರೀ ಸಿಪ್ಪೆಯಾಗಿದ್ದರೆ ಭಾವ ಅದನ್ನು ಯಾಕೆ ಅಳೆದು ಹಾಕುತ್ತಿದ್ದರು? ಎತ್ತುಗಳ ಮೈ ಮೇಲೆ ನೊಣ ಕೂತರೆ ಜಾರುವಷ್ಟು ನುಣುಪು ಯಾಕೆ ಇತ್ತು? ಇಷ್ಟು ಸಣ್ಣ ಪ್ರಶ್ನೆ ಆ ಮನೆಯಲ್ಲಿ ಯಾರಿಗೂ ಹುಟ್ಟಿರಲಿಲ್ಲ. ನನಗೆ ಹುಟ್ಟಿತು, ಹುಟ್ಟಿದ್ದನ್ನು ನುಂಗಿಕೊಂಡೆ. ಹೊಸ ಸೊಸೆ, ಬಾಯಿ ಮುಚ್ಚಿಕೊಂಡು ಇರಬೇಕೆಂದು ಅವ್ವ ಹೇಳಿ ಕಳಿಸಿದ್ದಳು.

ಮೂರನೆಯ ಮಗು ಹುಟ್ಟಿದ ಮೇಲೆ ಅಕ್ಕನ ಸೊಂಟ ಹಿಡಿಯಿತು. ಮೊದಮೊದಲು ಕೂತಲ್ಲಿಂದ ಏಳುವಾಗ ಗೋಡೆ ಹಿಡಿಯುತ್ತಿದ್ದಳು. ಆಮೇಲೆ ಒಂದು ಕೈ ಗೋಡೆಗೆ, ಒಂದು ಕೈ ನನ್ನ ಹೆಗಲಿಗೆ. ನಡೆದರೆ ಎರಡೂ ಕಡೆ ವಾಲುತ್ತಿದ್ದಳು. ಬಸ್ಸಿನ ಮೆಟ್ಟಿಲು ಹತ್ತಲು ಕಂಡಕ್ಟರ್ ಕೈ ಕೊಡಬೇಕಾಗಿತ್ತು. ತೊಡೆಯ ಎಲುಬಿನ ಮೇಲೆ ಬೆರಳಿಟ್ಟರೆ ಚೀರುತ್ತಿದ್ದಳು. ಆಗ ಅವಳಿಗೆ ಮೂವತ್ತು ಕೂಡ ತುಂಬಿರಲಿಲ್ಲ.

"ಮೂರು ಹಡದಾಳ, ಸೊಂಟ ನೋಯದ ಇನ್ನೇನು ಮಾಡ್ತೈತಿ," ಎಂದರು ಅತ್ತೆ. ಆದರೂ ಅವರಿಗೆ ತಿಳಿದ ಮದ್ದು ಮಾಡಿದರು. ಗೋಧಿಕಾಳಿನಷ್ಟು ಸುಣ್ಣವನ್ನು ಮಜ್ಜಿಗೆಯ ತಿಳಿಯಲ್ಲಿ ಕದಡಿ ಕುಡಿಸಿದರು. ಸುಣ್ಣದಿಂದ ಗೋಡೆ ಗಟ್ಟಿಯಾಗುತ್ತದೆ, ಎಲುಬು ಗಟ್ಟಿಯಾಗದೇ ಇರುತ್ತದೆಯೇ ಎಂಬ ಲೆಕ್ಕ. ಊರಿಗೆ ಬರುತ್ತಿದ್ದ ಸಿಸ್ಟರ್ ಕ್ಯಾಲ್ಸಿಯಂ ಗುಳಿಗೆ ಕೊಟ್ಟರು. ಆ ಗುಳಿಗೆ ಮನೆಯವರಿಗೆಲ್ಲ ಬಹಳ ಹಿಡಿಸಿತು. ದಪ್ಪ, ಬೆಳ್ಳಗೆ, ನೋಡಿದರೇ ಎಲುಬಿನ ಚೂರಿನ ಹಾಗೆ. ಅಕ್ಕ ಒಂದು ದಿನ ತಪ್ಪಿಸಲಿಲ್ಲ. ದೇವರಿಗೆ ಕೈ ಮುಗಿದು ನುಂಗುತ್ತಿದ್ದಳು. ಹೊಟ್ಟೆ ಕಟ್ಟಿಕೊಂಡು ಒದ್ದಾಡಿದಳೇ ಹೊರತು ಸೊಂಟ ಸರಿಹೋಗಲಿಲ್ಲ.

ಭಾವನ ತಾಳ್ಮೆ ಬೇಗ ಮುಗಿಯಿತು. "ಸರ್ಕಾರದ ಗುಳಿಗಿ ನುಂಗ್ತಾಳ, ಸುಣ್ಣ ಕುಡೀತಾಳ. ಮತ್ತ ಏನು ಬೇಕು ಈಕಿಗೆ?" ಎಂದು ಎತ್ತಿನ ಮೈ ತಿಕ್ಕುತ್ತಲೇ ಹೇಳಿದರು. ಆಮೇಲೆ ಇನ್ನೊಂದು ಮಾತು ಮನೆಯಲ್ಲಿ ಓಡಾಡತೊಡಗಿತು. ಗುಣವಾಗುವ ತನಕ ತವರಿಗೆ ಕಳಿಸೋಣ ಎಂಬ ಮಾತು. ಕೇಳಲು ಎಷ್ಟು ಮೆತ್ತಗಿದೆ ನೋಡಿ. ಎದ್ದು ಓಡಾಡದ ಸೊಸೆಯನ್ನು ಹಾಗೆ ಕಳಿಸಿದ ಮನೆಗಳು ನಮ್ಮೂರಲ್ಲೇ ಎರಡು ಇದ್ದವು. ಹೋದವರು ತಿರುಗಿ ಬಂದಿರಲಿಲ್ಲ, ಅವರ ಜಾಗಕ್ಕೆ ಬೇರೆಯವರು ಬಂದಿದ್ದರು. ಅಕ್ಕನಿಗೂ ಅದು ಗೊತ್ತಿತ್ತು. ಮಕ್ಕಳನ್ನು ಬಿಟ್ಟು ಹೋಗಬೇಕಾಗುತ್ತದೆಂದು ಅವಳು ನೋವನ್ನೇ ಮುಚ್ಚಿಡಲು ಶುರುಮಾಡಿದಳು. ತುಟಿ ಕಚ್ಚಿಕೊಂಡು ಏಳುತ್ತಿದ್ದಳು. ಕೆಳತುಟಿಯ ಮೇಲೆ ಹಲ್ಲಿನ ಗುರುತು ಮಾಯುತ್ತಲೇ ಇರಲಿಲ್ಲ.

ಹರಪನಹಳ್ಳಿಯಲ್ಲಿ ಒಬ್ಬ ವಯಸ್ಸಾದ ಡಾಕ್ಟರಿದ್ದರು. ನಾನು ಹಟ ಹಿಡಿದು ಅಕ್ಕನನ್ನು ಕರೆದುಕೊಂಡು ಹೋದೆ. ಅವರು ಸೊಂಟ ಮುಟ್ಟಿ ನೋಡಿದರು, ನಡೆಸಿ ನೋಡಿದರು. ಆಮೇಲೆ ಕೇಳಿದರು:

"ಊಟಕ್ಕ ಏನು ಉಣ್ತೀಯಮ್ಮ?"

"ರೊಟ್ಟಿ, ಅನ್ನ, ಹುರುಳಿ ಸಾರು ರೀ."

"ಹುರುಳಿ ದಿನಾ ಇರ್ತೈತೇನು?"

"ದಿನಾ ಇರ್ತೈತ್ರಿ."

"ಹಂಗಾರ ಚಲೋ ಆತು. ಹುರುಳಿ ಭಾಳ ಚಲೋ. ಗುಳಿಗಿ ಡೋಸು ಹೆಚ್ಚು ಮಾಡ್ತೀನಿ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗಾಯಿತು. ಹೊರಗೆ ಜನ ಕಾಯುತ್ತಿದ್ದರು, ಅವರು ಚೀಟಿ ಬರೆದರು. ನಾನು ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. ನನ್ನ ನಾಲಿಗೆಯ ತುದಿಯಲ್ಲಿ ಮಾತಿತ್ತು. ಸಾಹೇಬರೇ, ಹುರುಳಿ ತಿನ್ನುವುದು ಎತ್ತು, ಇವಳು ಕುಡಿಯುವುದು ಅದರ ನೀರು. ಇಷ್ಟೇ ಹೇಳಬೇಕಾಗಿತ್ತು. ಹೇಳಲಿಲ್ಲ. ಮನೆಯ ಮರ್ಯಾದೆ ಹೋಗುತ್ತದೆಂದು ಹೇಳಲಿಲ್ಲ. ಎತ್ತಿಗೆ ಕಾಳು ಹಾಕಿ ಸೊಸೆಗೆ ನೀರು ಕುಡಿಸುವ ಮನೆ ಎಂದು ಪೇಟೆಯವರು ನಗುತ್ತಾರೆಂದು ಹೇಳಲಿಲ್ಲ. ಅಕ್ಕ ಕೂಡ ನನ್ನ ಕಡೆ ನೋಡಿ ಸಣ್ಣಗೆ ತಲೆ ಅಲ್ಲಾಡಿಸಿದ್ದಳು. ಅವಳ ಸಂಕೋಚ ನನಗೆ ಅರ್ಥವಾಗುತ್ತದೆ. ನನ್ನದಕ್ಕೆ ನಾನು ಇವತ್ತಿಗೂ ಕ್ಷಮೆ ಕೊಟ್ಟುಕೊಂಡಿಲ್ಲ. ಜಗಳಗಂಟಿ ಎಂದು ಹೆಸರು ಪಡೆದವಳು ನಾನು, ಜಗಳ ಬೇಕಾಗಿದ್ದ ಒಂದು ಗಳಿಗೆಯಲ್ಲಿ ಒಳ್ಳೆಯ ಸೊಸೆಯಾಗಿಬಿಟ್ಟೆ.

ದೊಡ್ಡ ಗುಳಿಗೆ ನುಂಗುತ್ತ ಅಕ್ಕ ಇನ್ನೂ ನಾಲ್ಕೈದು ತಿಂಗಳು ಎಳೆದಳು. ಒಂದು ಬೆಳಿಗ್ಗೆ ಬೋರಿಂಗ್ ಹತ್ತಿರ ಕೊಡ ಎತ್ತಿ ಸೊಂಟಕ್ಕೆ ಇಟ್ಟುಕೊಳ್ಳುವಾಗ ಅಲ್ಲೇ ಕುಸಿದು ಕೂತಳು. ಬಿದ್ದದ್ದಲ್ಲ, ಜಾರಿದ್ದಲ್ಲ. ಕೂತವಳು ಏಳಲೇ ಇಲ್ಲ. ಮಂಚದ ಸಮೇತ ಟೆಂಪೋದಲ್ಲಿ ಹಾಕಿಕೊಂಡು ಹರಪನಹಳ್ಳಿಗೆ ಹೋದೆವು. ಈ ಸಲ ಭಾವನೂ ಬಂದಿದ್ದರು.

ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೊಡೆಯ ಎಲುಬಿನ ಮೇಲೆ ಒಂದು ಗೆರೆ ತೋರಿಸಿದರು. ಒಂದು ಕೊಡ ನೀರಿಗೆ ಎಲುಬು ಬಿರುಕು ಬಿಟ್ಟಿತ್ತು. "ಇಷ್ಟು ಗುಳಿಗಿ ಎಲ್ಲಿಗೆ ಹೋದವು?" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ನನಗೆ ತಡೆಯಲಾಗಲಿಲ್ಲ.

"ಸಾಹೇಬ್ರ, ಆಕಿ ಹುರುಳಿ ತಿಂದಿಲ್ರಿ. ಹುರುಳಿ ನಮ್ಮ ಎತ್ತು ತಿಂದಾವ್ರಿ. ಕಾಳು ಬಸದು ಎತ್ತಿಗೆ ಹಾಕ್ತೀವಿ, ಆಕಿ ಕುಡದಿದ್ದು ಕಟ್ಟು. ಹಾಲಿಲ್ಲ, ಬ್ಯಾಳಿಲ್ಲ, ಏನಿಲ್ರಿ."

ಭಾವ ನನ್ನ ಕಡೆ ಕಣ್ಣು ಕೆಂಪಗೆ ಮಾಡಿ ನೋಡಿದರು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆವತ್ತು ಯಾಕ ಹೇಳಲಿಲ್ಲಮ್ಮ ನೀನು?"

ನಾನು ಅಕ್ಕನ ಸೆರಗು ಸರಿಮಾಡಿದೆ. ಅವರು ಒತ್ತಾಯ ಮಾಡಲಿಲ್ಲ. ಭಾವನ ಕಡೆ ತಿರುಗಿದರು.

"ಮಂಡಿಗೆ ಮೆಕ್ಕೆಜೋಳದ ಲಾರಿ ಬರತೈತಲ್ಲ, ಹಮಾಲ್ರು ಇಲ್ಲ ಅಂದ್ರ ಏನಾಕ್ಕೈತಿ?"

"ಮಾಲು ಇಳಿಯಂಗಿಲ್ರಿ. ಲಾರಿ ನಿಂತು ನಿಂತು ವಾಪಸ್ ಹೋಕ್ಕೈತಿ."

"ಈಕಿ ಹೊಟ್ಟ್ಯಾಗ ಆಗಿದ್ದೂ ಅದ. ಕರುಳಿನ ಗ್ವಾಡಿಯಾಗ ಕ್ಯಾಲ್ಸಿಯಂ ಹೊತ್ತು ರಕ್ತಕ್ಕ ದಾಟಿಸಾಕ ಹಮಾಲ್ರು ಇರತಾವ. ಅವು ಪ್ರೋಟೀನಿನವು. ಊಟದಾಗ ಪ್ರೋಟೀನ್ ಇಲ್ಲ ಅಂದ್ರ ಕರುಳು ಕ್ಯಾಲ್ಸಿಯಂ ಹೀರಿಕೊಳ್ಳೋದು ಕಮ್ಮಿ ಆಕ್ಕೈತಿ. ನಾ ಕೊಟ್ಟ ಗುಳಿಗಿ ಈ ಕಡಿಂದ ಹೋಗಿ ಆ ಕಡಿಂದ ಹೊರಗ ಬಿದ್ದಾವ. ರಕ್ತ ಸುಮ್ಮನ ಕುಂದ್ರತೈತೇನು? ತನಗ ಬೇಕಾದ ಕ್ಯಾಲ್ಸಿಯಂ ಎಲುಬಿನಿಂದ ಕಿತ್ತು ತಗಂಡೈತಿ. ಮ್ಯಾಲ ಕೂಸಿಗೆ ಹಾಲು ಬ್ಯಾರೆ. ಇದೊಂದ ಕಾರಣ ಅಂತ ನಾ ಹೇಳಂಗಿಲ್ಲ. ಆದ್ರ ಇದನ್ನ ಸರಿ ಮಾಡದ ಗುಳಿಗಿ ನುಂಗಿಸಿದ್ರ ಲಾರಿ ಮ್ಯಾಲ ಲಾರಿ ಕಳಿಸಿದಂಗ, ಅಷ್ಟ."

"ಸತ್ವ ಕಟ್ಟಿಗೆ ಇಳದಿರತೈತಲ್ರಿ," ಎಂದರು ಭಾವ. ಅಷ್ಟಾದ ಮೇಲೂ.

"ಬಣ್ಣ ಇಳದಿರತೈತಿ, ವಾಸನಿ ಇಳದಿರತೈತಿ. ಪ್ರೋಟೀನ್ ಅಂಬೋದು ಕಾಳಾಗ ಉಳೀತೈತಿ. ನಿಮ್ಮ ಎತ್ತಿಗೆ ಅದು ಗೊತ್ತೈತಿ."

ವರ್ಷಗಟ್ಟಲೆ ನಾವು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ್ದೆವು. ಸುಣ್ಣ ಹಾಕಿದೆವು, ಗುಳಿಗೆ ಹಾಕಿದೆವು, ಗುಳಿಗೆ ದೊಡ್ಡದು ಮಾಡಿದೆವು. ಮನೆಯೊಳಗೆ ಚೀಲಗಟ್ಟಲೆ ಇದ್ದ ಕಾಳನ್ನು ಮಾತ್ರ ಅವಳ ತಟ್ಟೆಗೆ ಹಾಕಲಿಲ್ಲ. ಬಡತನದಿಂದ ಹೀಗಾಯಿತು ಎಂದಿದ್ದರೆ ಅತ್ತು ಸುಮ್ಮನಾಗುತ್ತಿದ್ದೆ. ಕಾಳು ಇತ್ತು. ಬೆಂದಿತ್ತು. ನಮ್ಮ ಕೈಯಿಂದಲೇ ದಾಟಿ ಹೋಗುತ್ತಿತ್ತು.

ಡಾಕ್ಟರು ಒಂದು ಸೂಜಿ ಹಾಕಿದರು, ಗುಳಿಗೆ ಮುಂದುವರಿಸಿ ಎಂದರು, ಕಾಲು ನೆಲಕ್ಕೆ ಊರಬಾರದು ಎಂದರು, ಕಾಳು ಬೇಳೆ ಹಾಲು ಕೊಡಿ ಎಂದು ಎರಡು ಸಲ ಹೇಳಿದರು. ಊರಿಗೆ ಬಂದ ಸಂಜೆ ಹುರುಳಿ ಬೇಯಿಸುವ ಸರದಿ ನನ್ನದು. ಬಸಿದೆ. ಬಕೀಟಿನಿಂದ ಎರಡು ಸೌಟು ಕಾಳು ತೆಗೆದು, ಉಪ್ಪು ಈರುಳ್ಳಿ ಹಾಕಿ ಅಕ್ಕನ ಮುಂದಿಟ್ಟೆ. ಅತ್ತೆ ಒಲೆಯ ಹತ್ತಿರದಿಂದಲೇ ನೋಡಿದರು.

"ಎತ್ತಿನ ಬಾಯಿಂದ ಕಸಗೊಂಡು ತಿನ್ನೋ ಕಾಲ ಬಂತೇನವ್ವ ಈ ಮನಿಗೆ," ಎಂದರು.

ನಾನು ಅತ್ತೆಗೆ ಉತ್ತರ ಕೊಡಲು ಸಿದ್ಧವಾಗಿಯೇ ಇದ್ದೆ. ಆದರೆ ಅಷ್ಟರಲ್ಲಿ ಅಕ್ಕ ತಟ್ಟೆಯನ್ನು ನನ್ನ ಕಡೆಗೆ ಸರಿಸಿದಳು.

"ಬ್ಯಾಡ ತಂಗಿ. ಎತ್ತಿಗೆ ಇಟ್ಟಿದ್ದನ್ನ ನಾ ಹೆಂಗ ತಿನ್ಲಿ. ನಾಚಿಕಿ ಬರತೈತಿ."

ಆ ಮನೆಯಲ್ಲಿ ನನಗೆ ಬಂದ ಅತಿ ದೊಡ್ಡ ಸಿಟ್ಟು ಅದು, ಮತ್ತು ಅದು ಬಂದಿದ್ದು ಮಂಚದ ಮೇಲೆ ಮಲಗಿದ್ದ ಅವಳ ಮೇಲೆ. ಮೂರು ಮಕ್ಕಳಿದ್ದಾರೆ, ತೊಡೆಯ ಎಲುಬು ಬಿರಿದಿದೆ, ನಾಳೆ ತವರಿಗೆ ಕಳಿಸುತ್ತಾರೆ, ಇವಳಿಗೆ ನಾಚಿಕೆಯಂತೆ. ಬಾಯಿಗೆ ಬಂದಂತೆ ಬೈದೆ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ತಟ್ಟೆ ಹಾಗೇ ತಣ್ಣಗಾಯಿತು. ಭಾವ ಬಂದು ಅದನ್ನೂ ಬಕೀಟಿಗೆ ಸುರಿದುಕೊಂಡು ಹೋದರು.

ಮರುದಿನ ಅತ್ತೆ ಒಂದು ಹಳೆಯ ಕುಪ್ಪಸ ತಂದು, ಇದೇ ಅಳತೆಗೆ ಹೊಸದು ಹೊಲಿದುಕೊಡು ಎಂದರು. ನನ್ನ ಮೇಲೆ ಮುನಿಸಿದ್ದರೂ ನನ್ನ ಹೊಲಿಗೆ ಬಿಟ್ಟಿರಲಿಲ್ಲ. ನಾನು ಯಾವತ್ತೂ ಹಳೆಯ ಅಳತೆ ನಂಬುವವಳಲ್ಲ, ಟೇಪು ಹಿಡಿದು ಬೆನ್ನು ಅಳೆದೆ. ಕುಪ್ಪಸದ ಬೆನ್ನಿಗಿಂತ ಅವರ ಬೆನ್ನು ಮೂರು ಬೆರಳು ಗಿಡ್ಡವಾಗಿತ್ತು. ಟೇಪಿನ ಕೆಳಗೆ ಬೆನ್ನುಮೂಳೆ ಬಾಗಿದ್ದು ಕೈಗೆ ಸಿಕ್ಕಿತು. ಅತ್ತೆ ಬಾಗಿ ನಡೆಯುವುದು ವಯಸ್ಸಿನಿಂದ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಲೆಕ್ಕ ಹಾಕಿದರೆ ಅವರಿಗೆ ಐವತ್ತೈದೂ ಆಗಿರಲಿಲ್ಲ.

"ಅತ್ತಿ, ನಿಮಗೂ ಸೊಂಟ ನೋಯತೈತೇನ್ರಿ?" ಎಂದೆ.

"ಯಾವ ಹೆಂಗಸಿಗೆ ನೋಯಂಗಿಲ್ಲ," ಎಂದರು ಅವರು, ಬಹಳ ಸಹಜವಾಗಿ.

ಕನಿಕರ ಬಂತು ಎಂದು ಬರೆದರೆ ಓದುವವರಿಗೆ ಸಮಾಧಾನವಾಗಬಹುದು. ಬರಲಿಲ್ಲ. ತನ್ನ ಬೆನ್ನು ಮುರಿದದ್ದನ್ನೇ ಪದ್ಧತಿ ಎಂದು ಇನ್ನೊಬ್ಬಳಿಗೆ ದಾಟಿಸಿದ್ದಾರಲ್ಲ ಎಂದು ಸಿಟ್ಟು ಇಮ್ಮಡಿಯಾಯಿತು. ಆದರೆ ಒಂದು ವಿಷಯ ತಿಳಿಯಿತು. ಇವರಿಬ್ಬರೂ ಬಕೀಟಿನಿಂದ ತೆಗೆದದ್ದನ್ನು ಸತ್ತರೂ ತಿನ್ನುವುದಿಲ್ಲ. ಹಾಗಾದರೆ ಕಾಳು ಬಕೀಟಿಗೆ ಬೀಳಲೇಬಾರದು.

ಆ ಸಂಜೆ ನಾನು ಬಸಿಯಲಿಲ್ಲ. ಪಾತ್ರೆಯಲ್ಲಿದ್ದ ಕಾಳಿನಲ್ಲಿ ಅರ್ಧವನ್ನು ಅಲ್ಲೇ ಕಡೆಗೋಲಿನಿಂದ ಮಸೆದೆ, ಗಟ್ಟಿ ಸಾರು ಮಾಡಿದೆ. ತಳ ಯಾವುದು, ತಿಳಿ ಯಾವುದು ಎಂದು ಸೌಟಿಗೆ ಗೊತ್ತಾಗದಷ್ಟು ಗಟ್ಟಿ. ಉಳಿದ ಅರ್ಧವನ್ನು ಮೊದಲೇ ಎತ್ತಿಗೆ ತೆಗೆದಿಟ್ಟಿದ್ದೆ. ಭಾವ ಬಕೀಟು ಎತ್ತಿದವರೇ ಹಗುರಾದದ್ದು ಗೊತ್ತಾಗಿ ಒಳಗೆ ಬಂದರು.

"ಕಾಳು ಎಲ್ಲಿ ಹೋತು?"

"ಸಾರಾಗ ಐತ್ರಿ ಭಾವ."

"ಎತ್ತು ದುಡಿಯೋದು ಬ್ಯಾಡೇನು? ಬೇಸಾಯ ನಿಮ್ಮಪ್ಪ ಮಾಡ್ತಾನೇನು?"

"ಎತ್ತಿಗೆ ಕಟ್ಟು ಕುಡಸ್ರಿ," ಎಂದೆ. "ನಾಳಿಂದ ಒಂದು ಕೊಡ ಕಟ್ಟು ಬಸದು ಇಡ್ತೀನಿ. ಸತ್ವ ಎಲ್ಲಾ ಅದರಾಗ ಐತಂತಲ್ರಿ. ಅವು ಕುಡದು ಗಟ್ಟಿ ಆಗ್ಲಿ, ಸಿಪ್ಪಿ ನಾವು ತಿಂತೀವಿ."

ಅತ್ತೆ ಒಲೆಯ ಬೂದಿ ಕೆದಕುತ್ತ ಕೂತರು. ಎತ್ತಿಗೆ ಬರೀ ಕಟ್ಟು ಕುಡಿಸಲು ಭಾವನಿಗೆ ಮನಸ್ಸು ಬರಲಿಲ್ಲ. ಬಾರದ್ದು ಯಾಕೆ ಎಂದು ಅವರಿಗೇ ಹೊಳೆದಿರಬೇಕು, ಬಕೀಟು ಹಿಡಿದು ನಿಂತೇ ಇದ್ದರು. ಹೊಡೆಯಲು ಬರುತ್ತಾರೆಂದು ನಾನು ಕಾದೆ. ಬರಲಿಲ್ಲ. ಕೊಟ್ಟಿಗೆಗೆ ಹೋದರು. ಆ ದಿನ ಅಕ್ಕ ತಟ್ಟೆ ಸರಿಸಲಿಲ್ಲ, ಏಕೆಂದರೆ ಅದು ಸಾರು, ಬಕೀಟಿನದಲ್ಲ. ಅತ್ತೆಯೂ ಉಂಡರು. ಚೆನ್ನಾಗಿದೆ ಎಂದು ಹೇಳಲಿಲ್ಲ, ಎರಡನೆಯ ಸಲ ಹಾಕಿಸಿಕೊಂಡರು.

ಪವಾಡವೇನೂ ಆಗಲಿಲ್ಲ. ಎರಡು ತಿಂಗಳು ಮಂಚ, ಆಮೇಲೆ ಕೋಲು, ಆಮೇಲೆ ಗೋಡೆ. ಜೋಳದ ಕೊಯ್ಲಿನ ಹೊತ್ತಿಗೆ ಅಕ್ಕ ಯಾರ ಕೈಯನ್ನೂ ಕೇಳದೆ ಎದ್ದು ನಿಂತಳು. ಒಂದು ಕಾಲು ಸ್ವಲ್ಪ ಎಳೆಯುವುದು ಉಳಿದೇ ಉಳಿಯಿತು. ತವರಿಗೆ ಕಳಿಸುವ ಮಾತು ತಾನಾಗಿ ನಿಂತಿತು. ಅದನ್ನು ಎತ್ತಿದವರು ಯಾರು ಎಂದು ಈಗ ಕೇಳಿದರೆ ಯಾರೂ ಒಪ್ಪುವುದಿಲ್ಲ.

ಹೊಸ ಶತಮಾನದ ಮೊದಲ ವರ್ಷಗಳಲ್ಲಿ ನಮ್ಮ ಕಡೆ ಎಲ್ಲಿ ನೋಡಿದರೂ ಮೆಕ್ಕೆಜೋಳ. ಉಳುಮೆಗೆ ಬಾಡಿಗೆ ಟ್ರ್ಯಾಕ್ಟರ್. ಭಾವ ಎತ್ತುಗಳನ್ನು ಮಾರಿದರು, ಆವತ್ತು ಊಟ ಮಾಡಲಿಲ್ಲ. ಮುಂದಿನ ಬಿತ್ತನೆಯ ಹೊತ್ತಿಗೆ ಪಡಸಾಲೆಯಲ್ಲಿ ಕೂತು ಯಾವ ಹೊಲಕ್ಕೆ ಏನು ಎಂದು ನನ್ನ ಗಂಡನ ಜೊತೆ ಮಾತಾಡುತ್ತಿದ್ದರು. ಅಕ್ಕ ಬಾಗಿಲ ಹತ್ತಿರ ಕಾಲು ಚಾಚಿಕೊಂಡು ಅಕ್ಕಿ ಆರಿಸುತ್ತಿದ್ದಳು. ನಾನು ಮಷೀನಿನ ಮುಂದೆ ಇದ್ದೆ.

"ಹುರುಳಿ ಬಿತ್ತೋ ಮಡ್ಡಿ ಹೊಲದಾಗೂ ಮೆಕ್ಕೆಜೋಳನ ಹಾಕಿಬಿಡೋಣ," ಎಂದರು ಭಾವ. "ಎತ್ತಂತೂ ಇಲ್ಲ. ಇನ್ನ ಹುರುಳಿ ಯಾರಿಗೆ?"

ನನ್ನ ಕಾಲು ಮಷೀನಿನ ಮೇಲೆ ನಿಂತುಹೋಯಿತು. ಇಷ್ಟು ವರ್ಷ ಒಂದೇ ಪಾತ್ರೆಯ ಗಟ್ಟಿ ಸಾರು ಉಂಡ ಮನುಷ್ಯ. ಹೆಂಡತಿಯ ಎಲುಬಿನ ಬಿರುಕನ್ನು ಕಿಟಕಿಯ ಬೆಳಕಿನಲ್ಲಿ ಕಣ್ಣಾರೆ ನೋಡಿದ ಮನುಷ್ಯ. ಅವರ ಲೆಕ್ಕದಲ್ಲಿ ಹುರುಳಿ ಇವತ್ತಿಗೂ ಎತ್ತಿನದೇ, ನಾವು ನಡುವೆ ಕೈ ಹಾಕಿದವರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ ಮೊರವನ್ನು ಕೆಳಗಿಟ್ಟಳು. ಗಂಡನ ಮುಂದೆ ಹೊಲದ ವಿಷಯಕ್ಕೆ ಅವಳು ಬಾಯಿ ಹಾಕಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ.

"ನಾ ಅದೀನಲ್ರಿ," ಎಂದಳು. "ನನಗ ಬಿತ್ರಿ."

ಭಾವ ತಿರುಗಿ ನೋಡಿದರು. ತಮಾಷೆ ಮಾಡುತ್ತಿದ್ದಾಳೇನೋ ಎಂದು ಅವಳ ಮುಖ ನೋಡಿದರು. ಅವಳು ನಗುತ್ತಿರಲಿಲ್ಲ.

"ನಿನಗ ಎಷ್ಟು ಬೇಕಾಕ್ಕೈತಿ?" ಎಂದರು.

"ಎತ್ತಿಗೆ ಎಷ್ಟು ಅಳದು ಹಾಕ್ತಿದ್ರಿ," ಎಂದಳು ಅಕ್ಕ, "ಅಷ್ಟ."